ಶಾಂತಾರಾಮರ ಕೋಟ್ನಿಸ್, ನಮ್ಮೂರಿನ ಗಡ್ಡಿ ಬ್ಯಾನಿ (ಪ್ಲೇಗು)

ಹಳೆ ವರ್ಕ್‌ಶಾಪ್, ಹುಬ್ಬಳ್ಳಿ:

ಕಳೆದ ರವಿವಾರ ಮಧ್ಯಾಹ್ನ, ಕರೆಂಟು ಹೋಗಿ ಬಂದು ಮಾಡುತ್ತಿದ್ದರೂ ಪಟ್ಟು ಬಿಡದೆ, ವಿ. ಶಾಂತಾರಾಮರ 'ಡಾ. ಕೋಟ್ನಿಸ್ ಕಿ ಅಮರ್ ಕಹಾನಿ' ಚಿತ್ರವನ್ನು ಮತ್ತೊಮ್ಮೆ ಪೂರ್ತಿ ನೋಡಿದೆ. ನಮ್ಮ ಬಳಗದಲ್ಲಿ ಶಾಂತಾರಾಮರ ಮಾತು ಬಂದಾಗಲೆಲ್ಲ ಅವರ ನಂತರದ ಬಣ್ಣದ ಚಿತ್ರಗಳ ಹೆಸರೇ ಮುಂದೆ ಬರುತ್ತದೆ. 1946ರ ಈ ಕಪ್ಪು ಬಿಳುಪಿನ ಚಿತ್ರವನ್ನು ನೋಡಿದವರೂ ಕಡಿಮೆ, ನೋಡಿದವರಲ್ಲಿ ನೆನಪಿಟ್ಟುಕೊಂಡವರು ಇನ್ನೂ ಕಡಿಮೆ. ಅದಕ್ಕಾಗಿಯೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಸೊಲ್ಲಾಪುರದ ತರುಣ ದ್ವಾರಕಾನಾಥ ಕೋಟ್ನಿಸ್ ಮುಂಬಯಿಯಲ್ಲಿ ವೈದ್ಯಕೀಯ ಓದು ಮುಗಿಸಿದ್ದಾನೆ. ಜಪಾನಿನ ದಾಳಿಗೆ ತುತ್ತಾದ ಚೀನಾಕ್ಕೆ ವೈದ್ಯರು ಬೇಕಾಗಿದ್ದಾರೆಂಬ ಕರೆ ಬಂದಾಗ ಮನೆಯವರನ್ನು ಒಪ್ಪಿಸಿ, ಇನ್ನು ನಾಲ್ವರು ವೈದ್ಯರೊಂದಿಗೆ ಹಡಗು ಹತ್ತುತ್ತಾನೆ. ಅಲ್ಲಿ ಗಾಯಾಳುಗಳ ಸೇವೆ ಮಾಡುತ್ತಲೇ ಚಿಂಗ್ ಲಾನ್ ಎಂಬ ಚೀನೀ ತರುಣಿಯನ್ನು ಮದುವೆಯಾಗುತ್ತಾನೆ. ಪ್ಲೇಗು ಹಬ್ಬಿದಾಗ ಔಷಧಿಯನ್ನು ಹುಡುಕುವ ಹಟಕ್ಕೆ ಬಿದ್ದು ರೋಗವನ್ನು ತನ್ನ ಮೈಗೇ ಅಂಟಿಸಿಕೊಳ್ಳುತ್ತಾನೆ. ಜಪಾನೀಯರ ಕೈಗೆ ಸಿಕ್ಕಿ ಪಾರಾಗುತ್ತಾನೆ, ಆದರೆ ಊರಿಗೆ ಮರಳುವುದಿಲ್ಲ. ಕೋಟ್ನಿಸರ ಪಾತ್ರವನ್ನು ಶಾಂತಾರಾಮರೇ ಮಾಡಿದ್ದಾರೆ. ಚಿಂಗ್ ಲಾನ್ ಆಗಿ ಅವರ ಪತ್ನಿ ಜಯಶ್ರೀ ನಟಿಸಿದ್ದಾರೆ. ಸಂಗೀತ ವಸಂತ ದೇಸಾಯಿಯವರದು. ಖ್ವಾಜಾ ಅಹ್ಮದ್ ಅಬ್ಬಾಸ್ ಬರೆದ ಪುಸ್ತಕವನ್ನು ಆಧರಿಸಿ ಅಬ್ಬಾಸ್ ಮತ್ತು ವಿ. ಪಿ. ಸಾಠೆ ಚಿತ್ರಕಥೆ ಹೆಣೆದಿದ್ದಾರೆ.

ನನ್ನ ಮೆಚ್ಚುಗೆಯ ಭಾಗವೆಂದರೆ ಕೊನೆಯದು. ಸಾಯುತ್ತಿರುವ ಗಂಡ ತನ್ನ ಊರಿನ, ತನ್ನ ಮನೆಯ ದಾರಿಯನ್ನು ಹೆಂಡತಿಗೆ ಹೇಳುತ್ತಾ ಹೋಗುತ್ತಾನೆ. ಅವನ ದನಿ ಕೇಳುತ್ತಿರುವಂತೆಯೇ ಪರದೆಯ ಮೇಲೆ ಅವಳು ಮಗುವನ್ನು ಎತ್ತಿಕೊಂಡು ಆ ದಾರಿಯಲ್ಲೇ ನಡೆದು ಗಂಡನಿಲ್ಲದ ಮನೆಯ ಹೊಸ್ತಿಲು ಮುಟ್ಟುತ್ತಾಳೆ. ಸಾವನ್ನು ತೋರಿಸಬೇಕಾದ ಕಡೆ ಮನೆಗೆ ಬರುವುದನ್ನು ತೋರಿಸಿದ ಈ ಉಪಾಯಕ್ಕೆ ಎಷ್ಟು ಸಲ ನೋಡಿದರೂ ನನ್ನ ಕಣ್ಣು ಒದ್ದೆಯಾಗುತ್ತದೆ. ಮನೆಯವಳು ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು; ಅವಳೂ ಕೈ ನಿಲ್ಲಿಸಿದಳು.

ಇನ್ನೊಂದು ಸಂಗತಿ ನನಗೆ ಸ್ವಲ್ಪ ಜಂಬದ್ದು. ಕೊಲ್ಲಾಪುರದಲ್ಲಿ 1901ರಲ್ಲಿ ಹುಟ್ಟಿದ ಶಾಂತಾರಾಮರು ಹುಡುಗರಾಗಿದ್ದಾಗ ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದರು. ಇದೇ ಊರಿನ ಚಿತ್ರಮಂದಿರವೊಂದರಲ್ಲಿ ಸಣ್ಣಪುಟ್ಟ ಕೆಲಸಕ್ಕಿದ್ದುಕೊಂಡು ಮೂಕಿ ಚಿತ್ರಗಳನ್ನು ನೋಡಿದ್ದರು. ಆಮೇಲೆ 1920ರ ಹೊತ್ತಿಗೆ ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರರ ಕಂಪನಿಯನ್ನು ಸೇರಿದರು. ಅದೇ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದ ನನಗೆ, ಆ ಗೇಟಿನೊಳಗೆ ಹೋಗಿ ಬಂದ ಹುಡುಗನೊಬ್ಬ ಮುಂದೆ ಇಂಥ ಚಿತ್ರ ಮಾಡಿದ ಎಂಬುದು ಬರೀ ಮಾಹಿತಿಯಾಗಿ ತೋರುವುದಿಲ್ಲ.

ಒಂದು ಪ್ರಶ್ನೆ ಮಾತ್ರ ಉಳಿದಿದೆ. ಪ್ಲೇಗಿನ ಭಾಗ ನಿಜವಾಗಿ ನಡೆದದ್ದೇ? ಬಲ್ಲವರು ತಿಳಿಸಬೇಕು.

ರಾಣೆಬೆನ್ನೂರಿನಿಂದ ಒಬ್ಬರು:

ಸರ್, ಚಿತ್ರ ನೋಡಿದ್ದೇನೆ. ಕೊನೆಯ ದೃಶ್ಯದ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ನಮ್ಮ ನಟರಿಗೆ ಕಣ್ಣಿನ ಅಂಚು ಎಳೆದು ಚೀನೀಯರನ್ನಾಗಿ ಮಾಡಿದ್ದು ಇಂದು ನೋಡಲು ಮುಜುಗರವಾಗುತ್ತದೆ. ಪ್ಲೇಗಿನ ಪ್ರಯೋಗವಂತೂ ಕಂಪನಿ ನಾಟಕದ ಮೂರನೇ ಅಂಕದ ಹಾಗಿದೆ. ಯಾವ ವೈದ್ಯ ಹಾಗೆ ತನ್ನ ಮೈಗೆ ತಾನೇ ಚುಚ್ಚಿಕೊಳ್ಳುತ್ತಾನೆ?

ಸಪ್ತಾಪುರದ ಮೇಷ್ಟರು, ಧಾರವಾಡ:

ರಾಣೆಬೆನ್ನೂರಿನವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಉತ್ತರ ನಮ್ಮ ಜಿಲ್ಲೆಯ ಮೂಲಕವೇ ಹಾದುಹೋಗುತ್ತದೆ.

ವೈದ್ಯನಲ್ಲದಿದ್ದರೂ ಹಾಗೆ ಚುಚ್ಚಿಕೊಂಡ ವಿಜ್ಞಾನಿಯೊಬ್ಬ ಇದ್ದ. ಸೂಕ್ಷ್ಮಜೀವಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪ್ಲೇಗಿನ ಲಸಿಕೆಯನ್ನು ತಯಾರಿಸಿ, 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡರು. ಮಾಂಸದ ಸಾರಿನ ಮೇಲೆ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ತೇಲಿಬಿಟ್ಟು, ಅದರ ಹನಿಗಳಿಂದ ಕೆಳಕ್ಕೆ ಜೋತುಬೀಳುವಂತೆ ರೋಗಾಣುಗಳನ್ನು ಬೆಳೆಸಿ, ಬಳಿಕ ಕಾಯಿಸಿ ಕೊಂದು ಸಿದ್ಧಪಡಿಸಿದ ಲಸಿಕೆ ಅದು. ರೋಗಾಣುವನ್ನು ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಕಂಡು ಆಗಿನ್ನೂ ಮೂರು ವರ್ಷವೂ ತುಂಬಿರಲಿಲ್ಲ. ಇಲಿಯಿಂದ ಮನುಷ್ಯನಿಗೆ ಅದನ್ನು ದಾಟಿಸುವುದು ಚಿಗಟವೆಂದು ಸಿಮೋಂ ತೋರಿಸಿದ್ದು ಅದರ ಮರುವರ್ಷ. ಅಂದರೆ ರೋಗ ಹೇಗೆ ಬರುತ್ತದೆಂದು ತಿಳಿಯುವ ಮೊದಲೇ ಅದನ್ನು ತಡೆಯುವ ಸೂಜಿ ಬಂದಿತ್ತು.

ಈಗ ನಮ್ಮೂರಿನ ಪಾಲು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ರೇಲ್ವೆ ಹಳಿಗುಂಟ ಪುಣೆ, ಬೆಳಗಾವಿ ದಾಟಿ ಧಾರವಾಡ ಜಿಲ್ಲೆಗೆ ಇಳಿಯಿತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿಹೋಯಿತು. ಆ ವರ್ಷ ಲ್ಯೂಮನ್ ಎಂಬ ಸೇನಾ ವೈದ್ಯರ ಮುಂದಾಳತ್ವದಲ್ಲಿ ಹಾಫ್ಕಿನ್ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಮನೆಮನೆಯ ಮಟ್ಟಕ್ಕೆ ಒಯ್ದರು. ಐವತ್ತು ಸಾವಿರದ ಆಸುಪಾಸಿನ ಜನಸಂಖ್ಯೆಯ ಊರಿನಲ್ಲಿ 30,000ಕ್ಕೂ ಹೆಚ್ಚು ಜನ ತೋಳು ಒಡ್ಡಿದರು. ಒಂದೇ ಊರಿನಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ಪ್ಲೇಗಿನ ಲಸಿಕೆ ಹಾಕಿದ್ದು ಆ ಕಾಲಕ್ಕೆ ಅಪರೂಪವಾಗಿದ್ದುದರಿಂದ ಹುಬ್ಬಳ್ಳಿಯ ಹೆಸರು ಅಂದಿನ ವೈದ್ಯಕೀಯ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಆದ್ದರಿಂದ ಚಿತ್ರದ ಆ ದೃಶ್ಯವನ್ನು ನಾಟಕವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ವರ್ಕ್‌ಶಾಪಿನ ಹಿರಿಯರು ಕೇಳಿದ ಪ್ರಶ್ನೆ ಬೇರೆ: ಕೋಟ್ನಿಸರ ಬಾಳಿನಲ್ಲಿ ಅದು ನಡೆಯಿತೇ? ನಡೆಯಲಿಲ್ಲ. ಅವರು ತೀರಿಕೊಂಡದ್ದು 1942ರ ಡಿಸೆಂಬರ್ 9ರಂದು, ಉತ್ತರ ಚೀನಾದ ಒಂದು ಹಳ್ಳಿಯಲ್ಲಿ, ಅಪಸ್ಮಾರದಿಂದ. ಆಗ ಅವರ ವಯಸ್ಸು 32. ಮಗ ಹುಟ್ಟಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ಆ ಮಗನಿಗೆ ಇನ್‌ಹುವಾ ಎಂದು ಹೆಸರಿಟ್ಟಿದ್ದರು. ಇನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಹಳೆ ವರ್ಕ್‌ಶಾಪ್, ಹುಬ್ಬಳ್ಳಿ:

ಮೇಷ್ಟರೇ, ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ಲಸಿಕೆಯ ಸಂಗತಿ ತಿಳಿದಿರಲಿಲ್ಲ. ನಮ್ಮಜ್ಜಿ ಮಾತ್ರ "ಗಡ್ಡಿ ಬ್ಯಾನಿ ಬಂದಾಗ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ರಂತ, ಮನ್ಯಾಗ ಇಲಿ ಸತ್ತು ಬಿತ್ತಂದ್ರ ಗಂಟು ಕಟ್ಟೂದ" ಎಂದು ಹೇಳುತ್ತಿದ್ದಳು. ಅವಳಿಗೆ ಅದನ್ನು ಅವಳ ಅವ್ವ ಹೇಳಿದ್ದು. ಅಪಸ್ಮಾರದ ವಿಷಯ ಓದಿ ಮನಸ್ಸಿಗೆ ಪಿಚ್ಚೆನಿಸಿತು. ಹಾಗಾದರೆ ನಾನು ಅತ್ತದ್ದು ಸುಳ್ಳಿಗೇ?

ಬೆಟಗೇರಿ ಅಕ್ಕ, ಗದಗ:

ಅಳುವುದಕ್ಕೆ ಸುಳ್ಳೇನು, ನಿಜವೇನು ಅಣ್ಣಾವರೇ. ನಾನು ದಾದಿಯಾಗಿ ದುಡಿದು ನಿವೃತ್ತಳಾದವಳು. ಚಿತ್ರವನ್ನು ಎರಡು ಸಲ ನೋಡಿದ್ದೇನೆ. ಪ್ರಯೋಗದ ದೃಶ್ಯದ ಬಗ್ಗೆ ಎಲ್ಲರೂ ಬರೆಯುತ್ತಿದ್ದೀರಿ. ನನಗೆ ಹಿಡಿಸಿದ್ದು ಬೇರೆಯದು. ಅಲ್ಲಿ ವೈದ್ಯರಿಗೆ ಜನರ ಭಾಷೆ ಬಾರದು, ಜನರಿಗೆ ವೈದ್ಯರು ಯಾರೆಂದು ಗೊತ್ತಿಲ್ಲ. ಆದರೂ ಗಾಯ ತೊಳೆಸಿಕೊಳ್ಳಲು, ಮೈ ಮುಟ್ಟಿಸಿಕೊಳ್ಳಲು ಒಬ್ಬೊಬ್ಬರಾಗಿ ಮುಂದೆ ಬರುತ್ತಾರೆ. ಆಸ್ಪತ್ರೆಯ ಕೆಲಸದಲ್ಲಿ ಅರ್ಧ ಪಾಲು ಇದೇ ಆಗಿದೆ. ಪಲ್ಸ್ ಪೋಲಿಯೋ ಹನಿ ಹಾಕಲು ಮನೆಮನೆ ತಿರುಗಿದವರಿಗೆ ಗೊತ್ತು. "ನಮ್ಮ ಕೂಸಿಗೆ ಬ್ಯಾಡ್ರಿ" ಎಂದು ಬಾಗಿಲು ಮುಚ್ಚಿದ ತಾಯಿಯ ಬಾಗಿಲು ಮತ್ತೆ ತೆರೆಯುವುದು ಇಲಾಖೆಯ ಸುತ್ತೋಲೆಯಿಂದಲ್ಲ. ಪಕ್ಕದ ಮನೆಯ ಅಜ್ಜಿ ಬಂದು "ನಮ್ಮ ಮೊಮ್ಮಗಗ ಹಾಕಿಸೇನಿ" ಎಂದಾಗ.

ಹಾಫ್ಕಿನ್ ಮೊದಲು ತನಗೆ ಚುಚ್ಚಿಸಿಕೊಂಡದ್ದೂ ಇದಕ್ಕೇ ಅಲ್ಲವೇ? ಔಷಧಿಯ ಪರೀಕ್ಷೆ ಅಷ್ಟೇ ಆಗಿದ್ದರೆ ಪ್ರಾಣಿಗಳಿದ್ದವು. ಮನುಷ್ಯರು ನಂಬಬೇಕಾದರೆ ಮನುಷ್ಯನ ತೋಳೇ ಬೇಕು. ನನಗೆ ಚಿತ್ರದ ಆ ದೃಶ್ಯ ಹಾಗೆ ಕಂಡಿತು.

1994ರಲ್ಲಿ ಸೂರತ್ತಿನ ಪ್ಲೇಗಿನ ಸುದ್ದಿ ಬಂದಾಗ ನಾನು ಕೆಲಸದಲ್ಲಿದ್ದೆ. ಇಲ್ಲಿ ಒಂದೂ ರೋಗಿ ಇರಲಿಲ್ಲ. ಆದರೂ ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಕೇಳಿದವರಿಗೆ ಲೆಕ್ಕವಿರಲಿಲ್ಲ. ವಾರ್ಡಿನಲ್ಲಿ ಯಾರಿಗೆ ಸಾದಾ ಜ್ವರ ಬಂದರೂ ಅವರ ಮನೆಯವರು ಕಂಕುಳು ಮುಟ್ಟಿ ನೋಡುತ್ತಿದ್ದರು, ಗಡ್ಡೆ ಇದೆಯೇ ಎಂದು. ತೊಂಬತ್ತಾರು ವರ್ಷ ಹಿಂದಿನ ಭಯ ಬೆರಳ ತುದಿಯಲ್ಲಿ ಉಳಿದಿತ್ತು.

ಸಪ್ತಾಪುರದ ಮೇಷ್ಟರು, ಧಾರವಾಡ:

ಅಕ್ಕಾವರು ಹೇಳಿದ್ದು ಬಹಳ ಮುಖ್ಯವಾದ ಮಾತು. ಅದಕ್ಕೊಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. 1898ರ ಹುಬ್ಬಳ್ಳಿಯ ಜನ ಬರೀ ನಂಬಿಕೆಯಿಂದ ತೋಳು ಒಡ್ಡಿದರೆಂದು ಬರೆದರೆ ಅದೂ ಚಿತ್ರಕಥೆಯಾದೀತು. ಆಗಿನ ಪ್ಲೇಗು ಕ್ರಮಗಳು ಕ್ರೂರವಾಗಿದ್ದವು: ಮನೆಯ ಹಂಚು ತೆಗೆಸಿ ಬಿಸಿಲು ಬೀಳಿಸುವುದು, ರೋಗಿಯ ಮನೆಯವರನ್ನೆಲ್ಲ ಊರ ಹೊರಗಿನ ಕ್ಯಾಂಪಿಗೆ ಸಾಗಿಸುವುದು, ರೇಲ್ವೆ ನಿಲ್ದಾಣದಲ್ಲಿ ಹೆಂಗಸರು ಗಂಡಸರೆನ್ನದೆ ತಪಾಸಣೆ ಮಾಡುವುದು. ಪುಣೆಯಲ್ಲಿ ಇಂಥ ಕ್ರಮಗಳ ಮೇಲಿನ ಸಿಟ್ಟು ಎಷ್ಟಕ್ಕೆ ಹೋಯಿತೆಂದರೆ 1897ರ ಜೂನ್ 22ರ ರಾತ್ರಿ ಚಾಫೇಕರ ಸಹೋದರರು ಪ್ಲೇಗು ಅಧಿಕಾರಿ ರ್ಯಾಂಡನ ಮೇಲೆ ಗುಂಡು ಹಾರಿಸಿದರು. ಸೂಜಿ ಚುಚ್ಚಿಸಿಕೊಂಡವರಿಗೆ ಈ ಕಾಟಗಳು ತಪ್ಪುವ ಆಸೆಯಿತ್ತು. ಒಂದೆರಡು ದಿನದ ಜ್ವರ, ತೋಳಿನ ಬಾವು ಸಹಿಸಿದರೆ ಮನೆ ಬಿಟ್ಟು ಹೋಗುವುದು ತಪ್ಪುತ್ತದೆ ಎಂದರೆ ಯಾರಾದರೂ ಲೆಕ್ಕ ಹಾಕುತ್ತಾರೆ. ಸಾವಿನ ಭಯ, ಸರಕಾರದ ಭಯ, ನೆರೆಯವನು ಉಳಿದನೆಂಬ ಧೈರ್ಯ, ಈ ಮೂರರಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ಬಿಡಿಸಿ ಹೇಳುವುದು ಕಷ್ಟ.

ನಂಬಿಕೆ ಎಷ್ಟು ತೆಳುವಾಗಿತ್ತೆಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ. 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಒಂದು ಬಾಟಲಿಗೆ ಹೊರಗಿನಿಂದ ಸೋಂಕು ತಗುಲಿತ್ತು. ಆದರೆ ತಪ್ಪು ಹಾಫ್ಕಿನ್ ತಲೆಗೆ ಬಂತು. ಅವರು ಹುದ್ದೆ ಕಳೆದುಕೊಂಡು, ನಿರ್ದೋಷಿ ಎನಿಸಿಕೊಳ್ಳುವ ಹೊತ್ತಿಗೆ 1907 ಬಂದಿತ್ತು. ಈ ವಿಜ್ಞಾನಿಯ ಮೇಲೆ ಒಂದು ಚಿತ್ರ ಮಾಡಬೇಕು ಎನ್ನುವುದು ನನ್ನ ಬಹುದಿನದ ಆಸೆ. ಅರ್ಧ ಚಿತ್ರೀಕರಣವನ್ನು ಹುಬ್ಬಳ್ಳಿಯ ದುರ್ಗದಬೈಲಿನಲ್ಲೇ ಮಾಡಬಹುದು.

ರಾಣೆಬೆನ್ನೂರಿನಿಂದ ಒಬ್ಬರು:

ಮೇಷ್ಟರೇ, ತನಗೆ ತಾನೇ ಚುಚ್ಚಿಕೊಂಡವನ ವಿಷಯದಲ್ಲಿ ನಾನು ಸೋತೆ. ಆದರೆ ನನ್ನ ತಕರಾರು ಈಗ ಹೆಚ್ಚಾಯಿತು. ಹಾಫ್ಕಿನ್ ಮಾಡಿದ್ದನ್ನು ಹಾಫ್ಕಿನ್ ಹೆಸರಿನಲ್ಲಿ ತೋರಿಸಲಿ. ಕೋಟ್ನಿಸರ ಹೆಸರು, ಅವರ ಊರು, ಅವರ ಹೆಂಡತಿಯ ಹೆಸರು ಎಲ್ಲವನ್ನೂ ನಿಜವಾಗಿಟ್ಟು ಸಾವನ್ನು ಮಾತ್ರ ಬದಲಿಸಿದ್ದು ಸರಿಯೇ? ಆಗ ಅವರು ಸತ್ತು ನಾಲ್ಕೇ ವರ್ಷವಾಗಿತ್ತು. ಚೀನಾದಲ್ಲಿ ಹೆಂಡತಿ ಬದುಕಿದ್ದರು. ಸೊಲ್ಲಾಪುರದಲ್ಲಿ ಮನೆಯವರಿದ್ದರು.

ವಿದ್ಯಾನಗರದ ಹಾಸ್ಟೆಲ್, ಹುಬ್ಬಳ್ಳಿ:

ನಮಸ್ಕಾರ. ನಾನು ಎಂ.ಬಿ.ಬಿ.ಎಸ್. ಕೊನೆಯ ವರ್ಷದ ವಿದ್ಯಾರ್ಥಿ. ಈ ಚರ್ಚೆಯನ್ನು ಓದಿದ ಮೇಲೆ ನಿನ್ನೆ ರಾತ್ರಿ ಚಿತ್ರ ನೋಡಿದೆ. ಹಿರಿಯರು ಕ್ಷಮಿಸಬೇಕು, ವೈದ್ಯಕೀಯ ದೃಷ್ಟಿಯಿಂದ ಕೆಲವು ಮಾತು ಬರೆಯುತ್ತೇನೆ.

ಲಸಿಕೆಯೂ ಔಷಧಿಯೂ ಒಂದೇ ಅಲ್ಲ. ಹಾಫ್ಕಿನ್ ಲಸಿಕೆ ರೋಗ ಬರುವುದನ್ನು ಒಂದಷ್ಟು ತಡೆಯುತ್ತಿತ್ತು, ಬಂದ ಪ್ಲೇಗನ್ನು ಅದು ಗುಣಪಡಿಸುತ್ತಿರಲಿಲ್ಲ. ಚಿತ್ರದಲ್ಲಿ ನಾಯಕ ಹುಡುಕುವುದು ಗುಣಪಡಿಸುವ ಮದ್ದನ್ನು. 1940ರ ದಶಕದ ಆರಂಭದಲ್ಲಿ ಕೈಯಲ್ಲಿದ್ದದ್ದು ಸಲ್ಫಾ ಗುಳಿಗೆಗಳಷ್ಟೇ. ಪ್ಲೇಗಿನ ಮೇಲೆ ಬಲವಾಗಿ ಕೆಲಸ ಮಾಡುವ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ, ಅಂದರೆ ಕೋಟ್ನಿಸರು ತೀರಿಕೊಂಡ ಮರುವರ್ಷ. ಬೆಟ್ಟದ ಹಳ್ಳಿಯ ಆಸ್ಪತ್ರೆಯಲ್ಲಿ ಒಬ್ಬ ಶಸ್ತ್ರವೈದ್ಯ ಕೆಲವೇ ದಿನಗಳಲ್ಲಿ ಅಂಥ ಮದ್ದು ತಯಾರಿಸುವುದು ಆಗದ ಮಾತು. ಆದರೆ ಯುದ್ಧದ ಚೀನಾದಲ್ಲಿ ಪ್ಲೇಗು ಎಂಬ ಕಲ್ಪನೆಯೇ ಅಸಂಬದ್ಧವಲ್ಲ. ಜಪಾನಿನ ಸೇನೆ 1940ರಲ್ಲಿ ನಿಂಗ್‌ಬೋ ಮೇಲೆ, 1941ರಲ್ಲಿ ಚಾಂಗ್‌ಡೆ ಮೇಲೆ ಪ್ಲೇಗು ತಗುಲಿದ ಚಿಗಟಗಳನ್ನು ವಿಮಾನದಿಂದ ಸುರಿದಿತ್ತು. ಆ ಊರುಗಳು ಕೋಟ್ನಿಸರು ಇದ್ದ ಪ್ರದೇಶದಿಂದ ಬಹಳ ದೂರ.

ನನಗೆ ಹೆಚ್ಚು ಕಾಡಿದ್ದು ಅವರ ನಿಜವಾದ ಕಾಯಿಲೆ. ಮೇಷ್ಟರು ಅಪಸ್ಮಾರ ಎಂದು ಒಂದೇ ಪದದಲ್ಲಿ ದಾಟಿಬಿಟ್ಟರು. ಕೋಟ್ನಿಸರು 1940ರ ದೊಡ್ಡ ಕದನದ ಕಾಲದಲ್ಲಿ ನಿದ್ದೆಯಿಲ್ಲದೆ ದಿನಗಟ್ಟಲೆ ಶಸ್ತ್ರಚಿಕಿತ್ಸೆ ಮಾಡಿದವರು. ನಿದ್ದೆಗೇಡು ಫಿಟ್ಸ್ ಬರಿಸುವ ಮುಖ್ಯ ಕಾರಣಗಳಲ್ಲೊಂದೆಂದು ನಾವು ಮೊದಲ ಪಾಠದಲ್ಲೇ ಓದುತ್ತೇವೆ. ಆ ಕಾಯಿಲೆಯಿದ್ದ ಮನುಷ್ಯ ರಾತ್ರಿಗಟ್ಟಲೆ ಕಣ್ಣೆವೆ ಮುಚ್ಚದೆ ಬೇರೆಯವರ ಗಾಯ ಹೊಲಿಯುತ್ತಾ ನಿಂತರೆ, ಅವನು ತನ್ನ ಮೈಯ ಮೇಲೆ ಮಾಡಿಕೊಂಡ ಪ್ರಯೋಗಕ್ಕೆ ಸಿರಿಂಜೇ ಬೇಕಾಗಿಲ್ಲ. ನಿಜವಾದ ಕಥೆಯೇ ಚಿತ್ರದ ಕಥೆಗಿಂತ ದೊಡ್ಡದಿತ್ತು, ಅದನ್ನು ಯಾಕೆ ಬಿಟ್ಟರೋ ತಿಳಿಯದು.

ಹಾವೇರಿಯಿಂದ:

ಯಾಕೆ ಬಿಟ್ಟರೆಂದು ನಾನು ಹೇಳಬಲ್ಲೆ.

ನನ್ನ ತಮ್ಮನಿಗೆ ಹನ್ನೊಂದನೆಯ ವಯಸ್ಸಿನಿಂದ ಫಿಟ್ಸ್ ಇದೆ. ಈಗ ಅವನಿಗೆ ಮೂವತ್ತೆರಡು, ಕೋಟ್ನಿಸರು ತೀರಿಕೊಂಡಾಗಿನ ವಯಸ್ಸು. ಮೊದಲ ಸಲ ಶಾಲೆಯ ಅಂಗಳದಲ್ಲಿ ಬಿದ್ದಾಗ ಯಾರೋ ಕೈಗೆ ಬೀಗದ ಕೈ ಹಿಡಿಸಿದರು, ಯಾರೋ ಮೂಗಿಗೆ ಉಳ್ಳಾಗಡ್ಡಿ ಒಡೆದು ಹಿಡಿದರು, ಇನ್ನಾರೋ ಚಪ್ಪಲಿ ತಂದರು. ಹಲ್ಲಿನ ನಡುವೆ ಚಮಚ ತುರುಕಿದ್ದರಿಂದ ಒಂದು ಹಲ್ಲು ಮುರಿಯಿತು. ಪಕ್ಕಕ್ಕೆ ಹೊರಳಿಸಿ ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅವ್ವ ಅವನನ್ನು ಮದುವೆ ಮುಂಜಿವೆಗಳಿಗೆ ಕರೆದುಕೊಂಡು ಹೋಗುವುದನ್ನೇ ನಿಲ್ಲಿಸಿದಳು. ಅಕ್ಕನ ಮದುವೆಯ ಮಾತು ನಡೆದಾಗ ಬೀಗರ ಕಡೆಯವರಿಗೆ ವಿಷಯ ತಿಳಿಯಬಾರದೆಂದು ಅವನನ್ನು ಹದಿನೈದು ದಿನ ಸೋದರಮಾವನ ಊರಿನಲ್ಲಿ ಇರಿಸಿದ್ದೆವು. ಇದನ್ನು ಬರೆಯಲು ನನಗೆ ಇವತ್ತಿಗೂ ಕೈ ನಡುಗುತ್ತದೆ, ಏಕೆಂದರೆ ಅವನನ್ನು ಬಸ್ಸು ಹತ್ತಿಸಿ ಬಂದವನು ನಾನೇ.

ಗಡ್ಡಿ ಬ್ಯಾನಿಯಿಂದ ಸತ್ತರೆ ವೀರ ಎನ್ನುತ್ತಾರೆ, ಫಿಟ್ಸಿನಿಂದ ಸತ್ತರೆ ಪಾಪ ಎನ್ನುತ್ತಾರೆ. 1946ರಲ್ಲಿ ನಾಯಕನೊಬ್ಬ ಪರದೆಯ ಮೇಲೆ ನೊರೆ ಕಾರುತ್ತಾ ಬಿದ್ದು, ಎದ್ದು, ಮರುದಿನ ಮತ್ತೆ ಶಸ್ತ್ರಚಿಕಿತ್ಸೆಗೆ ನಿಂತಿದ್ದರೆ ಪ್ರೇಕ್ಷಕರು ಅವನನ್ನು ನಾಯಕ ಎಂದು ಒಪ್ಪುತ್ತಿದ್ದರೇ? ಅದಕ್ಕೇ ಅವನು ಕುಸಿಯುವುದಕ್ಕೆ ಪ್ಲೇಗಿನ ಪ್ರಯೋಗವನ್ನು ಕಾರಣ ಮಾಡಿದರು. ರೋಗದೊಂದಿಗೆ ಹೋರಾಡಿದವನ ಮೇಲೆ ಚಿತ್ರ ತೆಗೆದವರಿಗೆ ಅವನ ರೋಗದ ಹೆಸರು ಹಿಡಿಸಲಿಲ್ಲ. ನಮ್ಮ ಮನೆಯವರು ಮಾಡಿದ್ದನ್ನೇ ಶಾಂತಾರಾಮರೂ ಮಾಡಿದರು.

ಕೋಟ್ನಿಸರ ಕಾಯಿಲೆ ಯಾವುದೆಂದು ನನಗೆ ಇದೇ ಚರ್ಚೆಯಿಂದ ತಿಳಿಯಿತು. ಮೇಷ್ಟರಿಗೆ ಉಪಕಾರ ಸ್ಮರಿಸುತ್ತೇನೆ.

ಬೆಟಗೇರಿ ಅಕ್ಕ, ಗದಗ:

ತಮ್ಮಾ, ಕೈ ನಡುಗಿದರೂ ಬರೆದೆಯಲ್ಲ, ಒಳ್ಳೆಯದಾಯಿತು. ವಾರ್ಡಿನಲ್ಲಿ ಇಂಥ ಅವ್ವಂದಿರನ್ನು ಬಹಳ ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಊರು ಹಾಗಿದ್ದರೆ ಅವ್ವ ಏನು ಮಾಡಿಯಾಳು? ಗುಳಿಗೆ ತಪ್ಪಿಸಬೇಡ ಎಂದು ತಮ್ಮನಿಗೆ ಹೇಳು, ರಾತ್ರಿ ನಿದ್ದೆ ಕೆಡಿಸಬೇಡ ಎಂದೂ ಹೇಳು.

ಸಪ್ತಾಪುರದ ಮೇಷ್ಟರು, ಧಾರವಾಡ:

ಹಾವೇರಿಯವರ ಬರಹ ಓದಿ ನನ್ನ ಹಿಂದಿನ ಒಂದು ಪದದ ಬಗ್ಗೆ ನಾಚಿಕೆಯಾಯಿತು. 'ಅಪಸ್ಮಾರ' ಎಂದು ಬರೆದು ಮುಂದೆ ಹೋಗಿದ್ದೆ. ಸಂಸ್ಕೃತದ ಪದ ಹಾಕಿದರೆ ಮುಜುಗರ ಕಡಿಮೆಯಾಗುತ್ತದೆಂದು ನಾನೂ ಒಳಗೊಳಗೆ ಎಣಿಸಿದ್ದೆನೋ ಏನೋ.

ಆದರೆ ಶಾಂತಾರಾಮ, ಅಬ್ಬಾಸರ ಪರವಾಗಿ ಇನ್ನೊಂದು ಕಾರಣವನ್ನು ಇಡಬೇಕಾಗಿದೆ. ಕೋಟ್ನಿಸರು ಕೊನೆಗೆ ಮುಖ್ಯಸ್ಥರಾಗಿದ್ದ ಆಸ್ಪತ್ರೆಗೆ ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಅವರ ಹೆಸರಿತ್ತು. ಬೆಥೂನ್ ಅದೇ ರಣರಂಗದಲ್ಲಿ ಗಾಯಾಳುವಿಗೆ ಚಿಕಿತ್ಸೆ ಮಾಡುವಾಗ ಬೆರಳು ಕೊಯ್ದುಕೊಂಡು, ನಂಜೇರಿ 1939ರ ನವೆಂಬರ್‌ನಲ್ಲಿ ಸತ್ತರು. ರೋಗಿಯ ನಂಜು ವೈದ್ಯನಿಗೆ ಏರುವ ಸಾವು ಅದು. ಚಿತ್ರವು ಕೋಟ್ನಿಸರಿಗೆ ಕೊಟ್ಟ ಸಾವಿನಲ್ಲಿ ಬೆಥೂನರ ಸಾವಿನ ನೆರಳಿದೆ, ಹಾಫ್ಕಿನರ ಧೈರ್ಯದ ನೆರಳಿದೆ. ಇಬ್ಬರು ಮೂವರನ್ನು ಒಬ್ಬನೊಳಗೆ ಕರಗಿಸುವುದು ನಮ್ಮ ಪುರಾಣ ಹೇಳುವವರಿಗೂ ಹೊಸದಲ್ಲ. ಇದು ನನ್ನ ಊಹೆ. ಚಿತ್ರದವರು ಹೀಗೆಂದು ಎಲ್ಲಿಯಾದರೂ ಹೇಳಿದ್ದಾರೆಂದು ನಾನು ವಾದಿಸುವುದಿಲ್ಲ.

ಅದಲ್ಲದೆ ಚಿತ್ರ ಬಂದ ಹೊತ್ತನ್ನು ನೆನೆಯಬೇಕು. ಚೀನಾದ ಸೇನಾನಿ ಝೂ ದೆ ನೆಹರೂ ಅವರಿಗೆ ಬರೆದ ಮನವಿಗೆ ಓಗೊಟ್ಟು, ಸುಭಾಷಚಂದ್ರ ಬೋಸರು ಕಾಂಗ್ರೆಸ್ ಅಧ್ಯಕ್ಷರಾಗಿದ್ದ 1938ರಲ್ಲಿ ಈ ಐವರನ್ನು ಕಳಿಸಲಾಯಿತು: ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನಿಸ್. ಸ್ವತಂತ್ರವಾಗದ ದೇಶವೊಂದು ಇನ್ನೊಂದು ದೇಶಕ್ಕೆ ನೆರವು ಕಳಿಸಿದ ಸಂಗತಿಯೇ ಆಗ ಎದೆಯುಬ್ಬಿಸುವಂಥದ್ದು. 1946ರಲ್ಲಿ, ಸ್ವಾತಂತ್ರ್ಯ ಬಾಗಿಲಿಗೆ ಬಂದಿದ್ದಾಗ, ಚಿತ್ರದವರಿಗೆ ಬೇಕಾಗಿದ್ದದ್ದು ಒಬ್ಬ ಕಾಯಿಲೆಯ ಮನುಷ್ಯನಲ್ಲ, ದೇಶದ ಹೆಸರಿನಲ್ಲಿ ಪ್ರಾಣ ಕೊಟ್ಟ ಒಬ್ಬ ತರುಣ.

ರಾಣೆಬೆನ್ನೂರಿನಿಂದ ಒಬ್ಬರು:

ಕಾರಣ ತಿಳಿಯಿತು, ಆದರೆ ಕಾರಣ ತಿಳಿದ ಮಾತ್ರಕ್ಕೆ ತಪ್ಪು ಸರಿಯಾಗದು. ಹಾವೇರಿಯವರ ಮಾತಿಗೆ ನನ್ನ ಒಪ್ಪಿಗೆಯಿದೆ. ಅಂದ ಹಾಗೆ, ನಾನು ತಕರಾರು ಮಾಡುತ್ತಲೇ ಈ ವಾರ ಚಿತ್ರವನ್ನು ಮೂರನೇ ಸಲ ನೋಡಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಮನೆಯಿಂದ ಹೊರಡುವ ಮುಂಚಿನ ದೃಶ್ಯಗಳಲ್ಲಿ ಶಾಂತಾರಾಮರ ನಟನೆ ಎಲ್ಲಿಯೂ ಅತಿಯಾಗಿಲ್ಲ. ಅಪ್ಪನ ಎದುರು ಮಗ ದನಿ ಎತ್ತರಿಸದೆ ಮಾತಾಡುವ ರೀತಿ ನಮ್ಮ ಕಡೆಯ ಮನೆಗಳದ್ದೇ.

ಹಳೆ ವರ್ಕ್‌ಶಾಪ್, ಹುಬ್ಬಳ್ಳಿ:

ನಮ್ಮ ಕಡೆಯದ್ದೇ ಎಂದಿರಿ, ಅದು ಅಕ್ಷರಶಃ ನಿಜ. ಸೊಲ್ಲಾಪುರ ನಮಗೆ ಎಷ್ಟು ದೂರ? ಗದಗಿನಿಂದ ವಿಜಯಪುರ ದಾಟಿ ಹೋಟಗಿಗೆ ಹೋಗುವ ಹಳಿ ಹಿಡಿದರೆ ಮುಂದಿನದೇ ಸೊಲ್ಲಾಪುರ. ಆ ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದಿಂದ ನಾನು ಬಲ್ಲೆ. ಅಲ್ಲಿನ ಪೇಟೆಯಲ್ಲಿ ಕನ್ನಡದಲ್ಲೇ ವ್ಯಾಪಾರ ಮುಗಿಸಬಹುದು. ಆಗ ಅದೂ ಮುಂಬಯಿ ಪ್ರಾಂತ, ನಾವೂ ಮುಂಬಯಿ ಪ್ರಾಂತ.

ಮೇಷ್ಟರಲ್ಲಿ ಇನ್ನೊಂದು ಪ್ರಶ್ನೆ. ಕೊನೆಯ ದೃಶ್ಯದಂತೆ ಆ ತಾಯಿ ನಿಜವಾಗಿ ಸೊಲ್ಲಾಪುರಕ್ಕೆ ಬಂದರೇ? ಅದೂ ಕಲ್ಪನೆಯೇ ಆಗಿದ್ದರೆ ಈಗಲೇ ಹೇಳಿಬಿಡಿ.

ಸಪ್ತಾಪುರದ ಮೇಷ್ಟರು, ಧಾರವಾಡ:

ಚಿತ್ರ ಬಂದಾಗ ಅದು ಕಲ್ಪನೆ. ಆದರೆ ಬಾಳು ಆಮೇಲೆ ಚಿತ್ರವನ್ನು ಹಿಂಬಾಲಿಸಿತು. ಗುವೊ ಚಿಂಗ್‌ಲಾನ್ 1950ರ ದಶಕದ ಕೊನೆಗೆ ಭಾರತಕ್ಕೆ ಬಂದರು, ಮುಂದೆಯೂ ಹಲವು ಸಲ ಬಂದು ಕೋಟ್ನಿಸರ ಮನೆಯವರನ್ನು ಕಂಡರು. ಅವರು ನಿಜಜೀವನದಲ್ಲಿ ಬೆಥೂನ್ ಆಸ್ಪತ್ರೆಯ ದಾದಿಯರಿಗೆ ಕಲಿಸುತ್ತಿದ್ದವರು. ಆದರೆ ಮಗನ ದಾರಿ ಕಾಯುವ ಅಪ್ಪ ಮಾತ್ರ ಆಗ ಇರಲಿಲ್ಲ. ಕೋಟ್ನಿಸರು ಚೀನಾದಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಅವರಿಗೆ ತಲುಪಿತ್ತು. ಊರಿಗೆ ಮರಳಬಹುದೆಂದು ಜೊತೆಯವರು ಹೇಳಿದರೂ ಅವರು ಮರಳಲಿಲ್ಲ. ಕೊನೆಯ ದಿನಗಳಲ್ಲಿ ಶಸ್ತ್ರಚಿಕಿತ್ಸೆಯ ಪಠ್ಯವೊಂದನ್ನು ಬರೆಯುತ್ತಿದ್ದರು. ಅದು ಪೂರ್ತಿಯಾಗಲಿಲ್ಲ.

ಅವರ ಸಮಾಧಿ ಈಗ ಶಿಜಿಯಾಝುವಾಂಗ್ ನಗರದಲ್ಲಿದೆ.

ವಿದ್ಯಾನಗರದ ಹಾಸ್ಟೆಲ್, ಹುಬ್ಬಳ್ಳಿ:

ಬರೆಯುತ್ತಾ ಇದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಶಾಂತಾರಾಮರು ಆ ದೃಶ್ಯವನ್ನು ತೆಗೆದಿದ್ದರೆ ಹೇಗಿರುತ್ತಿತ್ತು! ಒಂದು ಕಂದೀಲು, ಹಾಳೆಗಳು, ಕೈಯಿಂದ ಜಾರುವ ಪೆನ್ನು. ಮಾತೇ ಬೇಕಾಗುತ್ತಿರಲಿಲ್ಲ. ಮೂಕಿ ಚಿತ್ರಗಳನ್ನು ನೋಡಿ ಕಲಿತವರಿಗೆ ಅದೇನು ಕಷ್ಟ?

ಹಾವೇರಿಯಿಂದ:

ನಿನ್ನೆ ರಾತ್ರಿ ಬೇಗ ಊಟ ಮುಗಿಸಿ ತಮ್ಮನೊಂದಿಗೆ ಚಿತ್ರ ನೋಡಿದೆ. ಮೊದಲು ಏನನ್ನೂ ಹೇಳಲಿಲ್ಲ. ಪ್ಲೇಗಿನ ಭಾಗ ಬಂದಾಗ ಅವನು ನೆಟ್ಟಗೆ ಕುಳಿತ. ಕೊನೆಯ ದೃಶ್ಯದಲ್ಲಿ ಅವ್ವ ಅಡುಗೆ ಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಮುಗಿದ ಮೇಲೆ, ಈ ಡಾಕ್ಟರಿಗೆ ನಿಜವಾಗಿ ಇದ್ದದ್ದು ನಿನ್ನದೇ ಕಾಯಿಲೆ ಎಂದು ಇಬ್ಬರಿಗೂ ಕೇಳುವಂತೆ ಹೇಳಿದೆ. ಅವ್ವ ಒಳಗೆ ಹೋದಳು. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಅವರು ಗುಳಗಿ ತ್ವಗೊತಿದ್ದಿಲ್ಲೇನು?" ಎಂದು ಕೇಳಿದ.

ನನಗೆ ಉತ್ತರ ತಿಳಿಯಲಿಲ್ಲ. ಹಾಸ್ಟೆಲಿನ ತಮ್ಮ ಹೇಳಬೇಕು.

ವಿದ್ಯಾನಗರದ ಹಾಸ್ಟೆಲ್, ಹುಬ್ಬಳ್ಳಿ:

ಅಣ್ಣಾ, ಫಿನೋಬಾರ್ಬಿಟೋನ್ ಎಂಬ ಗುಳಿಗೆ 1912ರಿಂದಲೇ ಇತ್ತು. ಅದಕ್ಕಿಂತ ಒಳ್ಳೆಯದಾದ ಫಿನಿಟಾಯಿನ್ ಫಿಟ್ಸ್ ತಡೆಯುತ್ತದೆಂದು ವೈದ್ಯಲೋಕಕ್ಕೆ ತಿಳಿದದ್ದು 1938ರಲ್ಲಿ. ಕೋಟ್ನಿಸರು ಮುಂಬಯಿ ಬಿಟ್ಟದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಮುತ್ತಿಗೆಗೆ ಸಿಕ್ಕ ಆ ಬೆಟ್ಟಗಳಿಗೆ ಔಷಧಿಯ ಪೆಟ್ಟಿಗೆ ತಲುಪುವುದೇ ಕಷ್ಟವಿತ್ತು. ತಮ್ಮ ಈಗ ಯಾವ ಗುಳಿಗೆ ತೆಗೆದುಕೊಳ್ಳುತ್ತಾನೆ?

ಹಾವೇರಿಯಿಂದ:

ಚೀಟಿ ನೋಡಿದೆ. ಫಿನಿಟಾಯಿನ್, ರಾತ್ರಿ ಊಟವಾದ ಮೇಲೆ. ಅವನಿಗೆ ಓದಿ ಹೇಳಿದೆ. ಪಟ್ಟಿಯಲ್ಲಿ ಇನ್ನು ನಾಲ್ಕೇ ಉಳಿದಿವೆಯೆಂದು ಪೇಟೆಗೆ ಹೊರಟಿದ್ದಾನೆ. ಅವ್ವ ಬಾಗಿಲಿನವರೆಗೆ ಬಂದು, ಬರುವಾಗ ಅಕ್ಕನ ಮನೆಗೂ ಹೋಗಿ ಬಾ ಎಂದಳು.